ಬಜಪೆಯಿಂದ ಬೆಂಗಳೂರಿಗೆ: ಬದಲಾಗದ ಒಂದು ಗಂಟೆ



ನಿಮ್ಮ ಭೂಪಟದ ಪುಸ್ತಕ ತೆರೆದು ಮಂಗಳೂರು, ಬೆಂಗಳೂರುಗಳನ್ನು ಹುಡುಕಿ. ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಮಂಗಳೂರಿನ ಬಜಪೆ ನಿಲ್ದಾಣದಿಂದ ಮೇಲೇರಿದ ವಿಮಾನ ಪೂರ್ವಕ್ಕೆ ಸುಮಾರು 300 ಕಿ.ಮೀ. ಹಾರಿದರೆ ಬೆಂಗಳೂರು ಸಿಕ್ಕಿತು. ಆದರೆ ಉಡುಪಿ, ಕಾಪು, ಕಾರ್ಕಳದವರಿಗೆ ಈ ದೂರ ಎಂದೂ ಇಷ್ಟು ಸರಳವಾಗಿರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಊರುಗಳು ಮದ್ರಾಸಿನ ಆಡಳಿತದಲ್ಲಿದ್ದವು. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೇರಳದ ಮೂಲಕ ಮದ್ರಾಸಿಗೆ ದಾರಿ ತೆರೆದಿತ್ತು. ಬೆಂಗಳೂರು ರಾಜಧಾನಿಯಾದಾಗ ಮಾತ್ರ ನಡುವೆ ಘಟ್ಟ ಅಡ್ಡ ನಿಂತಿತ್ತು. ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣವಾದದ್ದು 1979ರಲ್ಲಿ. ಉಡುಪಿ ರೈಲಿನ ಸದ್ದು ಕೇಳಿದ್ದು 1993ರಲ್ಲಿ.

ವಿಮಾನ ಈ ಎರಡಕ್ಕಿಂತಲೂ ಮೊದಲೇ ಬಂದಿತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟ ವಿಮಾನದಲ್ಲಿ ಬಜಪೆಯ ಗುಡ್ಡದ ಮೇಲೆ ಬಂದಿಳಿದರು. ಈ ನಿಲ್ದಾಣಕ್ಕಾಗಿ ದುಡಿದವರಲ್ಲಿ ಪ್ರಮುಖರು, ಮುಂದೆ ಉಡುಪಿಯಿಂದ ಲೋಕಸಭೆಗೆ ಆರಿಸಿಬಂದ ಉಳ್ಳಾಲ ಶ್ರೀನಿವಾಸ ಮಲ್ಯರು. 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಆರಂಭವಾದಾಗ ಅದಕ್ಕೂ ಹತ್ತಿರದ ವಿಮಾನ ನಿಲ್ದಾಣ ಬಜಪೆಯೇ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಡಕೋಟದ ವೇಗ ಗಂಟೆಗೆ ಸುಮಾರು 300 ಕಿ.ಮೀ. ಅಂದರೆ ಬೆಂಗಳೂರಿಗೆ ಒಂದು ಗಂಟೆ. ಇಂದಿನ ಜೆಟ್ ವಿಮಾನದ ವೇಗ 800 ಕಿ.ಮೀ. ಎಂದುಕೊಂಡರೆ 23 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಇಂದಿಗೂ ಸುಮಾರು ಒಂದು ಗಂಟೆಯೇ ಇದೆ! ಓಡುಪಥಕ್ಕೆ ಸಾಗಬೇಕು, ಮೇಲೇರಬೇಕು, ಇಳಿಯಲು ಸರದಿ ಕಾಯಬೇಕು. ಇಷ್ಟು ಹತ್ತಿರದ ಹಾರಾಟದಲ್ಲಿ ಜೆಟ್ ತನ್ನ ಪೂರ್ಣ ವೇಗದಲ್ಲಿ ಹೋಗುವುದು ಸ್ವಲ್ಪ ಹೊತ್ತು ಮಾತ್ರ.

ಉಳಿದ ಸಮಯ ನೆಲದ ಮೇಲೆ ಕಳೆಯುತ್ತದೆ. ಕಾರ್ಕಳದಿಂದ ಬಜಪೆಗೆ ಒಂದು ಗಂಟೆಗೂ ಹೆಚ್ಚು. ಅಲ್ಲಿ ತಪಾಸಣೆಗಾಗಿ ಮುಂಚಿತವಾಗಿ ಹಾಜರಿರಬೇಕು. ಬೆಂಗಳೂರಿನಲ್ಲಿ ಹಿಂದೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. 2008ರ ಮೇ 24ರಿಂದ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯತೊಡಗಿದವು. ಅಲ್ಲಿಂದ ನಗರಕ್ಕೆ ಇನ್ನೊಂದು ಗಂಟೆಯಾದರೂ ಬೇಕು. ಎಲ್ಲ ಕೂಡಿಸಿದರೆ ಐದು ಗಂಟೆ. ರಾತ್ರಿ ಬಸ್ಸಿಗೆ ಎಂಟೊಂಬತ್ತು ಗಂಟೆ.

ಹಾಗಾದರೆ ವಿಮಾನವೇ ಯಾವಾಗಲೂ ಬೇಗವೇ? ಬೆಂಗಳೂರಿನ ಆಸ್ಪತ್ರೆಯಲ್ಲಿ ಹಿರಿಯರೊಬ್ಬರಿಗೆ ಕಾಯಿಲೆ ಜೋರಾಗಿದೆ ಎಂದು ರಾತ್ರಿ ಫೋನು ಬಂತೆನ್ನಿ. ಆ ದಿನದ ಕೊನೆಯ ವಿಮಾನ ಹೊರಟುಹೋಗಿದ್ದರೆ, ಆಗಲೇ ಬಸ್ಸು ಹತ್ತಿದವರೇ ಮೊದಲು ತಲಪುತ್ತಾರೆ. ಆದರೆ 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿ ಮುಚ್ಚಿದಂಥ ಸಂದರ್ಭ ಬಂದರೆ ಇದೇ ಲೆಕ್ಕ ತಿರುಗುಮುರುಗು.

ಆದ್ದರಿಂದ ಪ್ರಯಾಣದ ದೂರವನ್ನು ಮನೆಯ ಹೊಸ್ತಿಲಿನಿಂದ ಅಳೆಯಬೇಕು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ: ಮೊದಲ ಸಲ ಬೆಂಗಳೂರಿಗೆ ಹೇಗೆ ಹೋದಿರಿ, ಎಷ್ಟು ಹೊತ್ತು ಹಿಡಿಯಿತು? ಉತ್ತರವನ್ನು ವರ್ಷದೊಂದಿಗೆ ಬರೆದಿಡಿ. ನಮ್ಮ ನಾಡಿನ ಇತಿಹಾಸದಲ್ಲಿ ಅದಕ್ಕೂ ಒಂದು ಪುಟವಿದೆ.