ತೊರವೆಯಿಂದ ಕುಂಬಳೆಗೆ: ಪ್ರಣಯಕ್ಕೆ ಬಿದ್ದ ರಕ್ಕಸಿಯ ಚರಿತ್ರೆ

ನೆತ್ತರು ಕುಡಿಯುವ ಜೀವಿಯೊಂದು ಮನುಷ್ಯರಿಗೆ ಮನಸೋತು, ಆ ಮನಸೋಲಿನಿಂದಲೇ ನಗೆಗೆ ಈಡಾಗುವ ಕಥೆ ಇಂಗ್ಲಿಷಿನ ಜನಪ್ರಿಯ ಕಾದಂಬರಿಯಲ್ಲಿ ಈಚಿನದು. ಕನ್ನಡದಲ್ಲಿ ಅದಕ್ಕೆ ಐದು ಶತಮಾನಗಳಷ್ಟಾದರೂ ಹಿಂದಿನ ಚರಿತ್ರೆಯಿದೆ, ಮತ್ತು ಆ ಚರಿತ್ರೆಯ ಮುಖ್ಯ ಎಳೆಯೊಂದು ವಿಜಯಪುರ ನಗರಕ್ಕೆ ಪಶ್ಚಿಮದಲ್ಲಿರುವ ತೊರವೆಯಿಂದ ಹೊರಡುತ್ತದೆ.

ವ್ಯಾಂಪೈರ್ ಎಂದರೆ ಗೋರಿಯಿಂದ ಇರುಳಲ್ಲಿ ಎದ್ದು ಬಂದು ಬದುಕಿರುವವರ ರಕ್ತ ಹೀರುವ ಪ್ರೇತ. ಯುರೋಪಿನ ಹಳ್ಳಿಗಳ ಈ ನಂಬಿಕೆ ೧೮೧೯ರಲ್ಲಿ ಪ್ರಕಟವಾದ ಜಾನ್ ಪೊಲಿಡೊರಿಯ ಕಥೆಯ ಮೂಲಕ ಇಂಗ್ಲಿಷ್ ಗದ್ಯದಲ್ಲಿ ನೆಲೆಯೂರಿತು, ೧೮೯೭ರಲ್ಲಿ ಬಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದಲ್ಲಿ ತನ್ನ ಪ್ರಸಿದ್ಧ ರೂಪವನ್ನು ಪಡೆಯಿತು. ಒಂದು ಶತಮಾನ ಕಳೆದ ಮೇಲೆ, ೨೦೦೧ರಲ್ಲಿ ಶಾರ್ಲೇನ್ ಹ್ಯಾರಿಸ್ ಮತ್ತು ೨೦೦೪ರಲ್ಲಿ ಮೇರಿಜಾನಿಸ್ ಡೇವಿಡ್‌ಸನ್ ಆರಂಭಿಸಿದ ಕಾದಂಬರಿ ಮಾಲೆಗಳಲ್ಲಿ ಭಯದ ಜಾಗಕ್ಕೆ ವಿನೋದವೂ ಸರಸವೂ ಬಂದು ಕುಳಿತವು. ಡೇವಿಡ್‌ಸನ್ನಳ ನಾಯಕಿಯಂತೂ ಸತ್ತು ಪ್ರೇತವಾಗಿ ಎದ್ದ ಮೇಲೂ ದುಬಾರಿ ಪಾದರಕ್ಷೆಗಳ ಹುಚ್ಚನ್ನು ಬಿಡದವಳು. ಭಾರತದಲ್ಲಿ ಇದಕ್ಕೆ ಸಮನಾದುದು ಬೇತಾಳವೆಂದು ರಿಚರ್ಡ್ ಬರ್ಟನ್ ಬಗೆದು, ೧೮೭೦ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಗ್ರಂಥದ ಹೆಸರಿನಲ್ಲಿಯೇ ಅದನ್ನು ವ್ಯಾಂಪೈರ್ ಎಂದು ಕರೆದನು. ಹೋಲಿಕೆ ಅಷ್ಟಾಗಿ ಹೊಂದುವುದಿಲ್ಲ. ವಿಕ್ರಮನ ಹೆಗಲೇರಿದ ಬೇತಾಳ ರಕ್ತಕ್ಕಿಂತ ವಾದಕ್ಕೆ ಹಸಿದವನು, ಒಲವು ಅವನ ಒಗಟುಗಳ ವಸ್ತುವೇ ಹೊರತು ಅವನ ಪಾಡಲ್ಲ. ರಕ್ತದ ಹಸಿವು, ಪ್ರಣಯದ ಹಸಿವು, ನೋಡುವವರ ನಗು ಈ ಮೂರೂ ಕೂಡುವುದು ರಾಮಾಯಣ ಮತ್ತು ಭಾರತಗಳ ರಕ್ಕಸಿಯಲ್ಲಿ.

ಕನ್ನಡದ ರಾಮಕಥೆಯಲ್ಲಿ ಈ ರಕ್ಕಸಿ, ಎಂದರೆ ಶೂರ್ಪನಖಿ, ಮೊದಲಿನಿಂದಲೂ ಇದ್ದವಳಲ್ಲ. ಹನ್ನೆರಡನೆಯ ಶತಮಾನದ ಆದಿಭಾಗದವನೆಂದು ಎಣಿಸಲಾಗುವ, ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರೆಕಾರರು ಹೇಳುವ ನಾಗಚಂದ್ರನ ರಾಮಾಯಣವು ಜೈನ ಪರಂಪರೆಯದು. ಆ ಪರಂಪರೆಯಲ್ಲಿ ರಾಕ್ಷಸರೆಂದರೆ ನರಭಕ್ಷಕರಲ್ಲ, ವಿದ್ಯಾಧರರು, ಎಂದರೆ ಮಂತ್ರವಿದ್ಯೆಗಳನ್ನು ಬಲ್ಲ, ಆಕಾಶದಲ್ಲಿ ಸಂಚರಿಸಬಲ್ಲ ಒಂದು ಮನುಷ್ಯಕುಲ. ರಾವಣನ ತಂಗಿಗೆ ಅಲ್ಲಿ ಚಂದ್ರನಖಿಯೆಂದು ಹೆಸರು. ಸೂರ್ಯಹಾಸವೆಂಬ ಖಡ್ಗಕ್ಕಾಗಿ ತಪಸ್ಸು ಮಾಡುತ್ತಿದ್ದ ಅವಳ ಮಗ ಶಂಬೂಕನು ಲಕ್ಷ್ಮಣನ ಕೈಯಲ್ಲಿ ಅರಿಯದೆ ಹತನಾಗುತ್ತಾನೆ, ಮಗನ ಹೆಣವನ್ನು ಕಂಡು ಕೊಂದವರನ್ನು ಅರಸುತ್ತ ಬಂದ ತಾಯಿ ಆ ಅಣ್ಣತಮ್ಮಂದಿರ ಚೆಲುವಿಗೆ ಮರುಳಾಗುತ್ತಾಳೆ. ಇಂಥ ಸನ್ನಿವೇಶದಲ್ಲಿ ವಿಷಾದಕ್ಕೆ ಎಡೆಯುಂಟು, ಅಸಹ್ಯಕ್ಕೂ ಉಂಟು, ನಗೆಗೆ ಮಾತ್ರ ಎಡೆ ಕಡಿಮೆ.

ಸುಮಾರು ನಾಲ್ಕು ಶತಮಾನಗಳ ತರುವಾಯ ಅದೇ ವಿಜಯಪುರದ ಮಗ್ಗುಲಲ್ಲಿ, ತೊರವೆಯ ನರಸಿಂಹನ ಸನ್ನಿಧಿಯಲ್ಲಿ, ಕುಮಾರ ವಾಲ್ಮೀಕಿಯೆಂದು ಹೆಸರಾದ ನರಹರಿಯು ವಾಲ್ಮೀಕಿಯ ಜಾಡಿನಲ್ಲಿ ರಾಮಕಥೆಯನ್ನು ಭಾಮಿನಿ ಷಟ್ಪದಿಗೆ ತಂದನು. ಷಟ್ಪದಿಯೆಂದರೆ ಆರು ಸಾಲಿನ ಪದ್ಯ; ಅದರ ಆರು ಬಗೆಗಳಲ್ಲಿ ಭಾಮಿನಿಯು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವಂಥದು, ಓದಿಗೂ ಹಾಡಿಕೆಗೂ ಒಗ್ಗುವಂಥದು. ಕವಿಯ ಕಾಲ ಕ್ರಿ.ಶ. ೧೫೦೦ರ ಆಸುಪಾಸು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಐದು ಸಾವಿರ ಪದ್ಯಗಳ ಈ ಕಾವ್ಯದೊಡನೆ ಹಳೆಯ ರಕ್ಕಸಿಯೂ ಹಿಂದಿರುಗಿದಳು: ಚಂದ್ರನಖಿ ಮತ್ತೆ ಶೂರ್ಪನಖಿಯಾದಳು, ವಿದ್ಯಾಧರಿಯಾಗಿದ್ದವಳು ಹಸಿಮಾಂಸ ತಿನ್ನುವವಳಾದಳು. ಹಿರಣ್ಯಕಶಿಪುವಿನ ಕರುಳನ್ನು ಬಗೆದು ಮಾಲೆ ಹಾಕಿಕೊಂಡ ದೇವರನ್ನು ಅಂಕಿತದಲ್ಲಿ ಇಟ್ಟುಕೊಂಡ ಕವಿಗೆ ಕೋರೆಹಲ್ಲು, ಉಗುರುಗಳ ಲೋಕ ಅಪರಿಚಿತವಾಗಿರಲಾರದು.

ಮೂಲ ವಾಲ್ಮೀಕಿ ರಾಮಾಯಣದಲ್ಲಿಯೇ ಶೂರ್ಪನಖಿ ರಾಮನಿಗೆ ಮನಸೋಲುವ ಪ್ರಸಂಗ ಹಾಸ್ಯದ ಹೊಸ್ತಿಲ ಮೇಲೆ ನಿಂತಿದೆ. ಅರಣ್ಯಕಾಂಡದಲ್ಲಿ ರಾಮನು ತನಗೆ ಮದುವೆಯಾಗಿದೆಯೆಂದು ಹೇಳಿ ಅವಳನ್ನು ಲಕ್ಷ್ಮಣನ ಬಳಿಗೆ ಕಳಿಸುತ್ತಾನೆ, ಲಕ್ಷ್ಮಣನು ತಾನು ಅಣ್ಣನ ದಾಸನೆಂದು ನೆವ ಹೂಡಿ ಹಿಂದಕ್ಕೆ ಅಟ್ಟುತ್ತಾನೆ, ಇಬ್ಬರ ಮಾತೂ ಪರಿಹಾಸವೆಂಬುದು ಅವಳಿಗೆ ತಿಳಿಯಲಿಲ್ಲವೆಂದು ಕವಿಯೇ ಬಾಯಿಬಿಟ್ಟು ಹೇಳುತ್ತಾನೆ. ಭರತನ ನಾಟ್ಯಶಾಸ್ತ್ರವು ಹಾಸ್ಯವು ಶೃಂಗಾರದಿಂದಲೂ ಭಯಾನಕವು ಬೀಭತ್ಸದಿಂದಲೂ ಹುಟ್ಟುತ್ತವೆಯೆಂದು ಹೇಳುತ್ತದೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ಸೀತೆಯ ಮೇಲೆ ರಾವಣನಿಗಿದ್ದ ಮೋಹವನ್ನು ಶೃಂಗಾರಾಭಾಸವೆಂದು ಕರೆದು, ಅದು ನೋಡುವವರಲ್ಲಿ ಹಾಸ್ಯವನ್ನು ಉಂಟುಮಾಡುತ್ತದೆಯೆಂದು ತೋರಿಸಿದನು. ಆಭಾಸವೆಂದರೆ ಶೃಂಗಾರದಂತೆ ಕಾಣುವುದು, ಆದರೆ ಇನ್ನೊಂದು ಕಡೆಯ ಒಪ್ಪಿಗೆಯಿಲ್ಲದೆ ಒಂಟಿಯಾಗಿ ಉರಿಯುವುದು. ಅಣ್ಣನ ಬಗೆಗೆ ಆಡಿದ ಈ ಮಾತು ತಂಗಿಗೂ ಸಲ್ಲುತ್ತದೆ. ಕೊಲ್ಲಬಲ್ಲವಳು ಬೇಡತೊಡಗುವುದು, ಕಾಡೆಲ್ಲ ನಡುಗುವ ಹೆಣ್ಣು ಒಂದು ‘ಹೂಂ’ಗಾಗಿ ಇಬ್ಬರ ನಡುವೆ ಓಡಾಡುವುದು, ಇದೇ ಇಲ್ಲಿನ ನಗೆಯ ಮೂಲ, ಮತ್ತು ಇಂದಿನ ವ್ಯಾಂಪೈರ್ ಪ್ರಣಯ ಕಾದಂಬರಿಗಳ ನಗೆಯ ಮೂಲವೂ ಬೇರೆಯಲ್ಲ. ಇದೇ ತೊರವೆಯ ಬಳಿಯಲ್ಲಿ ೧೫೯೯ರಲ್ಲಿ ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹ ಕಟ್ಟಲು ತೊಡಗಿದ ನಗರಕ್ಕೆ ಒಂಬತ್ತು ರಸಗಳ ನೆನಪಿನ ನವರಸಪುರವೆಂಬ ಹೆಸರು ಬಂತು. ನರಹರಿಯ ಕಾವ್ಯಕ್ಕೂ ಸುಲ್ತಾನನ ಊರಿಗೂ ನಂಟು ಕಟ್ಟುವುದು ಅತಿಯಾದೀತು, ಆದರೆ ರಸದ ಮಾತು ಈ ನೆಲಕ್ಕೆ ಹೊಸದಾಗಿರಲಿಲ್ಲ.

ಓದುವ ಕಾವ್ಯದ ರಕ್ಕಸಿಯನ್ನು ಜನ ಕಣ್ಣಾರೆ ಕಂಡು ನಗುವಂತೆ ಮಾಡಿದ್ದು ನಾಡಿನ ಇನ್ನೊಂದು ತುದಿ. ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ, ಕಣಿಪುರದ ಗೋಪಾಲಕೃಷ್ಣನ ಭಕ್ತನಾಗಿದ್ದ ಪಾರ್ತಿಸುಬ್ಬನು ರಾಮಾಯಣದ ಕಥೆಗಳನ್ನು ಯಕ್ಷಗಾನ ಪ್ರಸಂಗಗಳಾಗಿ ರಚಿಸಿದನು. ಪ್ರಸಂಗವೆಂದರೆ ಭಾಗವತರು ಹಾಡುವ ಪದ್ಯಗಳ ಕಟ್ಟು. ಆ ಪದ್ಯಗಳಿಗೆ ವೇಷಧಾರಿಗಳು ರಂಗದ ಮೇಲೆ ಆಗಿಂದಾಗಲೇ ಹೊಸೆದು ಆಡುವ ಮಾತಿಗೆ ಅರ್ಥವೆಂದು ಹೆಸರು. ಸುಬ್ಬನ ಕಾಲದ ಬಗೆಗೆ ವಿದ್ವಾಂಸರಲ್ಲಿ ಶತಮಾನಗಳ ಅಂತರದ ಭಿನ್ನಾಭಿಪ್ರಾಯವಿದೆ, ಕರ್ತೃತ್ವವನ್ನೇ ಶಿವರಾಮ ಕಾರಂತರು ಪ್ರಶ್ನಿಸಿದ್ದುಂಟು. ಮುಳಿಯ ತಿಮ್ಮಪ್ಪಯ್ಯ ಮತ್ತು ಕುಕ್ಕಿಲ ಕೃಷ್ಣಭಟ್ಟರು ಕುಂಬಳೆಯ ಸುಬ್ಬನೇ ಕರ್ತೃವೆಂಬ ಪಕ್ಷವನ್ನು ಎತ್ತಿಹಿಡಿದರು. ಈ ಪ್ರಸಂಗಗಳಿಗೆ ತೊರವೆ ರಾಮಾಯಣವು ಆಧಾರವೆಂಬ ಮಾತು ಮಾತ್ರ ಯಕ್ಷಗಾನದ ಅಧ್ಯಯನದಲ್ಲಿ ಗಟ್ಟಿಯಾಗಿ ನಿಂತಿದೆ.

‘ಪಂಚವಟಿ’ ಪ್ರಸಂಗದಲ್ಲಿ ಶೂರ್ಪನಖಿಗೆ ಎರಡು ವೇಷಗಳು. ರಾಮನನ್ನು ಒಲಿಸಲು ಬರುವ ಮಾಯಾ ಶೂರ್ಪನಖಿಯನ್ನು ಸ್ತ್ರೀವೇಷದವರು ಮಾಡುತ್ತಾರೆ. ನಿಜರೂಪದ ಶೂರ್ಪನಖಿ ಬಣ್ಣದ ವೇಷದವರ ಪಾಲಿನದು. ತೆಂಕುತಿಟ್ಟಿನಲ್ಲಿ, ಎಂದರೆ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕಡೆಯ ಶೈಲಿಯಲ್ಲಿ, ರಕ್ಕಸಿಯ ವೇಷಕ್ಕೆ ಹೆಣ್ಣುಬಣ್ಣವೆಂದು ಹೆಸರು. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಎಬ್ಬಿಸುವ ಚುಟ್ಟಿ, ದೀವಟಿಗೆಗೆ ಎರಚಿದ ರಾಳದ ಹುಡಿಯಿಂದ ಭುಗ್ಗೆಂದು ಏಳುವ ಬೆಂಕಿ, ಚೆಂಡೆಯ ಅಬ್ಬರ, ಇವೆಲ್ಲವೂ ಹೆದರಿಸುವುದಕ್ಕಾಗಿಯೇ ಇರುವ ಸಲಕರಣೆಗಳು. ಆದರೆ ಅಷ್ಟು ಭಯವನ್ನು ಕೂಡಿಹಾಕಿದ ಹೆಣ್ಣುಬಣ್ಣವು ರಂಗಕ್ಕೆ ಬಂದು ಮಾಡುವ ಕೆಲಸವಾದರೂ ಏನು? ತಲೆ ಬಾಚುವುದು, ಕನ್ನಡಿ ನೋಡುವುದು, ಕುಂಕುಮ ಇಟ್ಟುಕೊಳ್ಳುವುದು, ತನ್ನ ಚೆಲುವಿಗೆ ತಾನೇ ನಾಚುವುದು. ಬೀಭತ್ಸದ ಮೈಯಲ್ಲಿ ಮನೆವಾರ್ತೆಯ ಚಿಕ್ಕಪುಟ್ಟ ಚಟಗಳನ್ನು ಕಂಡ ಪ್ರೇಕ್ಷಕರು ನಗುತ್ತಾರೆ. ಪಾದರಕ್ಷೆಯ ಹುಚ್ಚಿನ ಅಮೆರಿಕದ ಪ್ರೇತಕ್ಕೆ ಈ ರಕ್ಕಸಿ ಹಿರಿಯಕ್ಕ. ಸ್ಟೋಕರನ ಡ್ರಾಕುಲಾನಿಗೆ ಮಾತ್ರ ಈ ಭಾಗ್ಯವಿಲ್ಲ, ಅವನ ಬಿಂಬ ಕನ್ನಡಿಯಲ್ಲಿ ಮೂಡುವುದೇ ಇಲ್ಲ. ಬಣ್ಣದ ವೇಷವು ಎಷ್ಟು ಗೌರವದ ಪರಿಣತಿಯೆಂದರೆ, ಬಣ್ಣದ ಮಾಲಿಂಗನಂಥ ಕಲಾವಿದರ ಹೆಸರಿಗೆ ವೇಷದ ಹೆಸರೇ ಅಂಟಿಕೊಂಡಿತು.

ಈ ನಗೆಯ ಕೊನೆ ಮೂಗು ಕೊಯ್ಯುವುದರಲ್ಲಿ ಆಗುತ್ತದೆ ಎಂಬುದನ್ನು ಮರೆಯಲಾಗದು. ಶೂರ್ಪನಖಿಯ ಪ್ರಸಂಗದಲ್ಲಿ ಜನ ನಗುವುದು ಅವಳನ್ನು ಕುರಿತು. ಆಸೆಪಟ್ಟ ತಪ್ಪಿಗೆ ದೊರೆತ ಶಿಕ್ಷೆ ತೀರ ದೊಡ್ಡದು. ೧೯೪೯ರಲ್ಲಿ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಕುವೆಂಪು ಜೈನ ಪರಂಪರೆಯ ಚಂದ್ರನಖಿಯೆಂಬ ಹೆಸರನ್ನು ಮರಳಿ ತಂದದ್ದು ಕಾಕತಾಳೀಯವಿರಲಾರದು. ನಗೆ ಪಾತ್ರದೊಡನೆ ಸೇರಿ ನಗುವ ನಗೆಯಾಗಬೇಕಾದರೆ ಹದಿನೈದನೆಯ ಶತಮಾನದ ಕುಮಾರವ್ಯಾಸನ ಭಾರತದಲ್ಲಿ ಬರುವ ಹಿಡಿಂಬೆಯ ಕಥೆಗೆ ಹೋಗಬೇಕು. ಅಣ್ಣನ ಊಟಕ್ಕಾಗಿ ಪಾಂಡವರನ್ನು ಹಿಡಿದು ತರಲು ಹೊರಟವಳು ಊಟವಾಗಬೇಕಾದ ಭೀಮನಿಗೇ ಒಲಿಯುತ್ತಾಳೆ, ಬರಲಿರುವ ಆಪತ್ತನ್ನು ಅವನಿಗೆ ತಿಳಿಸುತ್ತಾಳೆ, ಅಣ್ಣ ಸತ್ತ ಮೇಲೆ ಕುಂತಿಯ ಒಪ್ಪಿಗೆ ಪಡೆದು ಸೊಸೆಯಾಗಿ ಘಟೋತ್ಕಚನನ್ನು ಹೆರುತ್ತಾಳೆ. ಬೇಟೆಯೇ ಗಂಡನಾಗುವ, ಅತ್ತೆಯ ಮನ ಗೆಲ್ಲಬೇಕಾಗುವ ಈ ಕಥೆಯೇ ಇಂದಿನ ವಿನೋದದ ವ್ಯಾಂಪೈರ್ ಪ್ರಣಯಗಳಿಗೆ ನಿಜವಾದ ಸಗೋತ್ರ; ಆ ಕಾದಂಬರಿಗಳ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, ಬಯಸುವುದು ಹಲ್ಲಿದ್ದೂ ಕಚ್ಚದೆ ಕಾಯುವ ಸಂಗಾತಿಯನ್ನು, ಶೂರ್ಪನಖಿಗೆ ಸಿಗದೆ ಹಿಡಿಂಬೆಗೆ ಸಿಕ್ಕ ಮನೆಯನ್ನು.

ಲೋಕದ ಆದರವೂ ಹಿಡಿಂಬೆಯ ಕಡೆಗೇ ಒಲಿದಿದೆ. ಹಿಮಾಚಲದ ಮನಾಲಿಯಲ್ಲಿ ೧೫೫೩ರಲ್ಲಿ ಕಟ್ಟಿದ ಮರದ ಗುಡಿಯಲ್ಲಿ ಅವಳು ದೇವಿಯಾಗಿ ಪೂಜೆಗೊಳ್ಳುತ್ತಾಳೆ. ಕರ್ನಾಟಕದಲ್ಲಿ ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಅವಳ ಅಣ್ಣನದೆಂದು ನಂಬಲಾದ ಹಲ್ಲೊಂದನ್ನು ಇಡಲಾಗಿದೆ.