ಆಯಿಯ ಪಿಂಗಾಣಿ

ಜಹೀರಾಬಾದಿನ ನಮ್ಮ ಮನೆಯ ಮಾಡದಲ್ಲಿ ಒಂದು ಚೀನಾ ಬಟ್ಟಲಿದೆ. ಹಾಲುಬಿಳಿ ಮೈ, ಹೊರಗೆ ಗುಲಾಬಿ ಹೂ, ಹಸಿರು ಎಲೆ, ಅಂಚಿಗೆ ಸವೆದ ಚಿನ್ನದ ಗೆರೆ. ಜಮೀನ್ದಾರರೊಬ್ಬರ ದೇವಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಜ್ಜನಿಗೆ ಇನಾಮಾಗಿ ಬಂದದ್ದು. ನಮಗೆ ಜ್ವರ ಬಂದಾಗ ಮಾತ್ರ ಆಯಿ ಅದನ್ನು ಇಳಿಸಿ ಗಂಜಿ ಹಾಕುತ್ತಿದ್ದಳು. "ಇದ್ರಾಗ ವಿಷ ಬಿದ್ರ ಒಡೀತದ" ಎನ್ನುವಳು.

ಆ ನಂಬಿಕೆ ಅರಮನೆಗಳದ್ದು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ 'ಘೋರಿ' ಎಂಬ ತಿಳಿಹಸಿರು ಚೀನಾ ತಟ್ಟೆಗಳಿವೆ. ವಿಷದೂಟ ಬಡಿಸಿದರೆ ಅವು ಬಣ್ಣಗೆಡುತ್ತವೆ, ಇಲ್ಲವೇ ಸೀಳುತ್ತವೆ ಎಂದು ನವಾಬರು ನಂಬಿದ್ದರು. ಯಾವ ಮಣ್ಣಿಗೂ ಆ ಶಕ್ತಿಯಿಲ್ಲ. ಆಯಿ ಮಾತ್ರ ಆ ಮಾತನ್ನು ನಮ್ಮ ಮೇಲಿನ ಕಕ್ಕುಲಾತಿಗೆ ಬಳಸಿಕೊಂಡಳು.

ಬಟ್ಟಲಿನ ಮೇಲೆ ಬೆರಳಾಡಿಸಿದರೆ ಹೂವು ಕೂದಲೆಳೆಯಷ್ಟು ಎದ್ದಿರುವುದು ತಿಳಿಯುತ್ತದೆ. ಎನಾಮಲ್ಲಿನ ಗುರುತು ಅದೇ. ಚೀನಾದ ಜಿಂಗ್‌ಡೆಝೆನ್ನಿನ ಆವಿಗೆಗಳಲ್ಲಿ ಸುಮಾರು 1300 ಡಿಗ್ರಿ ಶಾಖದಲ್ಲಿ ಬಿಳಿ ಪಾತ್ರೆ ಬೇಯುತ್ತಿತ್ತು. ಆಮೇಲೆ ಸೀಸ ಬೆರೆತ ಗಾಜಿನ ಪುಡಿಗೆ ಬಣ್ಣ ಕಲಸಿ, ಮೇಲೆ ಚಿತ್ರ ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. 1720ರ ದಶಕದಲ್ಲಿ ನೆಲೆಯೂರಿದ ಗುಲಾಬಿ ಬಣ್ಣ ಹುಟ್ಟುವುದು ಚಿನ್ನದ ಅತಿಸಣ್ಣ ಕಣಗಳಿಂದ. ಹೊರದೇಶಗಳಿಗೆ ಹೋಗುವ ಎಷ್ಟೋ ಬಿಳಿ ಪಾತ್ರೆಗಳು ಗುವಾಂಗ್‌ಝೌ ಬಂದರಿಗೆ ಬಂದು, ಅಲ್ಲಿ ಬಣ್ಣ ಹತ್ತಿಸಿಕೊಂಡು ಹಡಗೇರುತ್ತಿದ್ದವು. ಈ ಬಣ್ಣದಲ್ಲಿ ಸೀಸ ಇರುವುದರಿಂದ ಹುಳಿ ಪದಾರ್ಥ ಇಡಬಾರದು. ಹೀಗಾಗಿ ನಾನು ಅದರಲ್ಲಿ ಈಗ ಏನನ್ನೂ ಉಣ್ಣುವುದಿಲ್ಲ. ಹಬ್ಬಕ್ಕೊಮ್ಮೆ ಒರೆಸಿ ಇಡುತ್ತೇನೆ.

ಆಯಿ ಅದನ್ನು ಬಟ್ಟಲು ಎಂದವಳೇ ಅಲ್ಲ. 'ಪಿಂಗಾಣಿ' ಎಂದೇ ಕರೆದಳು. ಪಾರಸಿಯಲ್ಲಿ ಪಿಂಗಾನ್ ಎಂದರೆ ಬಟ್ಟಲು. ವಸ್ತು ಚೀನಾದ್ದು, ಹೆಸರು ಪಾರಸಿಯದು, ಹಿಡಿದ ಕೈ ಕನ್ನಡದ್ದು.

1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳಾದಾಗ, ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳನ್ನೂ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರನ್ನೂ ತೆಗೆದು ಆಂಧ್ರಪ್ರದೇಶಕ್ಕೆ ಸೇರಿಸಿದರು. ಬೀದರ್ ಇಲ್ಲಿಂದ ಸುಮಾರು ಮೂವತ್ತೇ ಕಿಲೋಮೀಟರ್. ಆದರೂ ಅದು ಬೇರೆ ರಾಜ್ಯವಾಯಿತು. ಕಚೇರಿಯ ಕಾಗದ ತೆಲುಗಾಯಿತು, ನನ್ನ ಶಾಲೆಯೂ ತೆಲುಗಾಯಿತು. ಮನೆಯ ಮಾತು ಒಂದೊಂದಾಗಿ ಜಾರುವುದನ್ನು ಕಂಡು ಆಯಿ ಮರುಗುತ್ತಿದ್ದಳು. ಒಂದು ಸಂಜೆ ನಾನು ತೆಲುಗು ಪಾಠ ಓದುತ್ತಿದ್ದಾಗ ಅದರಲ್ಲೂ 'ಪಿಂಗಾಣಿ' ಎಂಬ ಪದ ಬಂತು. ಕೇಳಿಸಿಕೊಂಡ ಆಯಿ ಒಲೆಯ ಮುಂದಿನಿಂದ ಎದ್ದು ಬಂದು, "ಅಂದ್ರ ಇದು ಅವರ ಮನಿಯಾಗೂ ಅದ?" ಎಂದು ಕೇಳಿ, ಇನ್ನೊಮ್ಮೆ ಓದಿಸಿದಳು.