ಓಜೋನ್ ಪದರ ಮತ್ತು ಮಾಂಟ್ರಿಯಲ್ ಒಪ್ಪಂದ

ಭೂಮಿಯಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಹರಡಿರುವ ಓಜೋನ್ ಪದರವು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಜೀವಸಂಕುಲವನ್ನು ಕಾಪಾಡುತ್ತಿದೆ. ಆ ಓಜೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಕವಚವನ್ನು ಉಳಿಸಿಕೊಳ್ಳಲು 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಏರ್ಪಟ್ಟ ಒಪ್ಪಂದವು ಅಂತಾರಾಷ್ಟ್ರೀಯ ಸಹಕಾರದ ಇತಿಹಾಸದಲ್ಲಿ ಅಪರೂಪದ ಯಶೋಗಾಥೆಯಾಗಿದೆ.

ಅಪಾಯದ ಅರಿವು

ರೆಫ್ರಿಜರೇಟರ್, ಹವಾನಿಯಂತ್ರಣ ಯಂತ್ರ, ಸ್ಪ್ರೇ ಡಬ್ಬಿ ಮೊದಲಾದವುಗಳಲ್ಲಿ ಬಳಕೆಯಾಗುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಅನಿಲಗಳು ವಿಷಕಾರಿಯಲ್ಲ, ಬೆಂಕಿ ಹಿಡಿಯುವಂಥವೂ ಅಲ್ಲ. ಆದ್ದರಿಂದಲೇ ಅವನ್ನು ವರವೆಂದು ಭಾವಿಸಲಾಗಿತ್ತು. ಆದರೆ ಅವು ಮೇಲಕ್ಕೇರಿ, ಬಿಸಿಲಿಗೆ ಒಡೆದು, ಬಿಡುಗಡೆಯಾಗುವ ಕ್ಲೋರಿನ್ ಓಜೋನನ್ನು ನಾಶಪಡಿಸುತ್ತದೆಂದು ಮರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ವಸಂತಕಾಲದಲ್ಲಿ ಓಜೋನ್ ತೀವ್ರವಾಗಿ ಕುಸಿಯುತ್ತಿರುವುದನ್ನು ಪ್ರಕಟಿಸಿದಾಗ ಜಗತ್ತು ಬೆಚ್ಚಿತು. ಮೊಲಿನಾ, ರೋಲೆಂಡ್ ಹಾಗೂ ಪಾಲ್ ಕ್ರುಟ್ಜೆನ್ ಅವರಿಗೆ 1995ರ ನೊಬೆಲ್ ಪ್ರಶಸ್ತಿ ಸಂದಿತು.

ಹೊಣೆಯ ಹಂಚಿಕೆ

ನಿಷೇಧಿಸಬೇಕೆಂಬ ಮಾತು ಸುಲಭ. ಅದರ ವೆಚ್ಚವನ್ನು ಹೊರುವವರು ಯಾರೆಂಬುದೇ ಕಠಿಣ ಪ್ರಶ್ನೆ. ಸಿಎಫ್‌ಸಿಯ ಬಹುಪಾಲನ್ನು ತಯಾರಿಸಿ ಬಳಸಿದವು ಶ್ರೀಮಂತ ರಾಷ್ಟ್ರಗಳು. ಭಾರತದಲ್ಲಾದರೋ ರೆಫ್ರಿಜರೇಟರ್ ಆಗಿನ್ನೂ ಬಹುತೇಕ ಮನೆಗಳನ್ನು ತಲಪಿರಲಿಲ್ಲ. ಉಪ್ಪು ತಿಂದವನೇ ನೀರು ಕುಡಿಯಬೇಕೆಂಬ ನ್ಯಾಯವನ್ನು ಮುಂದಿಟ್ಟು ಭಾರತ ಮತ್ತು ಚೀನಾ ಮೊದಲಿಗೆ ಒಪ್ಪಂದದಿಂದ ಹೊರಗುಳಿದವು. ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷಗಳ ಹೆಚ್ಚುವರಿ ಕಾಲಾವಕಾಶವೇನೋ ಇತ್ತು. ಆದರೆ ಹಣ ಮತ್ತು ತಂತ್ರಜ್ಞಾನದ ಭರವಸೆ ಇರಲಿಲ್ಲ. 1990ರ ಲಂಡನ್ ಸಭೆಯಲ್ಲಿ ಶ್ರೀಮಂತ ದೇಶಗಳ ವಂತಿಗೆಯಿಂದ ನಡೆಯುವ ಬಹುಪಕ್ಷೀಯ ನಿಧಿಗೆ ಒಪ್ಪಿಗೆ ದೊರೆಯಿತು. 1992ರಲ್ಲಿ ಭಾರತ ಒಪ್ಪಂದಕ್ಕೆ ಸೇರಿತು. 2010ರ ಗಡುವಿಗೆ ಮುನ್ನವೇ, 2008ರಲ್ಲಿ, ಇನ್‌ಹೇಲರ್ ಔಷಧಿಗಳಿಗೆ ಬೇಕಾದಷ್ಟನ್ನು ಬಿಟ್ಟು ಸಿಎಫ್‌ಸಿ ತಯಾರಿಕೆಯನ್ನು ನಿಲ್ಲಿಸಿತು.

ಫಲ ಮತ್ತು ಮುಂದಿನ ಹೆಜ್ಜೆ

2009ರ ವೇಳೆಗೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಒಪ್ಪಂದವನ್ನು ಅಂಗೀಕರಿಸಿದ್ದವು. ಈಗಿನ ನೀತಿಗಳು ಮುಂದುವರಿದರೆ ಓಜೋನ್ ಪದರವು 1980ರ ಮಟ್ಟಕ್ಕೆ ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ ಮರಳುವುದೆಂದು 2023ರ ಜನವರಿಯಲ್ಲಿ ವಿಶ್ವಸಂಸ್ಥೆಯ ತಜ್ಞರು ತಿಳಿಸಿದರು.

ಆದರೆ ಸಿಎಫ್‌ಸಿಯ ಸ್ಥಾನಕ್ಕೆ ಬಂದ ಎಚ್‌ಎಫ್‌ಸಿ ಅನಿಲಗಳು ಓಜೋನನ್ನು ಕೆಡಿಸದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುತ್ತವೆ. ಅವನ್ನೂ ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. 2021ರಲ್ಲಿ ಅದನ್ನು ಅನುಮೋದಿಸಿದ ಭಾರತವು 2032ರಿಂದ ಹಂತಹಂತವಾಗಿ ಬಳಕೆಯನ್ನು ಇಳಿಸಿ, 2047ರೊಳಗೆ ಶೇಕಡಾ 85ರಷ್ಟು ಕಡಿತ ಸಾಧಿಸಬೇಕಾಗಿದೆ.

ಹವಾಮಾನ ಬದಲಾವಣೆಯ ಮಾತುಕತೆಗಳು ಇಂದಿಗೂ ಎಡವುತ್ತಿರುವುದು ಇದೇ ಹೊಣೆ ಹಂಚಿಕೆಯ ಪ್ರಶ್ನೆಯಲ್ಲಿ. ಕಲ್ಲಿದ್ದಲು, ಪೆಟ್ರೋಲುಗಳನ್ನು ಬಿಡುವುದು ಸಿಎಫ್‌ಸಿಯನ್ನು ಬಿಟ್ಟಷ್ಟು ಸುಲಭವಲ್ಲ, ನಿಜ. ಆದರೂ ನ್ಯಾಯವಾದ ಹಂಚಿಕೆಯಿದ್ದಲ್ಲಿ ಲೋಕವೆಲ್ಲ ಒಂದಾಗಬಲ್ಲದೆಂಬುದಕ್ಕೆ ಮಾಂಟ್ರಿಯಲ್ ಸಾಕ್ಷಿಯಾಗಿದೆ. ಪ್ರತಿವರ್ಷ ಸೆಪ್ಟೆಂಬರ್ 16ನ್ನು ವಿಶ್ವ ಓಜೋನ್ ದಿನವಾಗಿ ಆಚರಿಸಲಾಗುತ್ತದೆ. ಮನೆಯ ಎ.ಸಿ. ದುರಸ್ತಿಯಾಗುವಾಗ ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಂಗ್ರಹಿಸುವಂತೆ ಮೆಕ್ಯಾನಿಕ್‌ಗೆ ಹೇಳುವುದು ಈ ಕಾರ್ಯದಲ್ಲಿ ನಾವು ಸಲ್ಲಿಸಬಹುದಾದ ಪಾಲು.